ಏಕತಾರಿಯಿಂದ ಗಿಟಾರಿಗೆ

ಇಂದು ನಾನು ನಿಮ್ಮೊಡನೆ ಎರಡು ಸಂಗತಿಗಳನ್ನು ಕುರಿತು ಮಾತನಾಡಬೇಕೆಂದಿದ್ದೇನೆ. ಒಂದು, ರಾಕ್ ಸಂಗೀತದ ಗಿಟಾರು. ಇನ್ನೊಂದು, ಶಿಶುನಾಳ ಶರೀಫರ ತತ್ವಪದ. ಇವೆರಡಕ್ಕೂ ಎಲ್ಲಿಯ ಸಂಬಂಧ ಎಂದು ನಿಮಗೆ ಅನಿಸಬಹುದು. ಮೂವತ್ತು ವರ್ಷಗಳ ಹಿಂದೆ ನನಗೂ ಹಾಗೆಯೇ ಅನಿಸಿತ್ತು. ಹಾಗೆ ಅನಿಸಿದ್ದರಿಂದಲೇ ನಾನೊಂದು ತಪ್ಪು ಮಾಡಿದೆ. ಅದನ್ನು ಮೊದಲು ಹೇಳಿಬಿಡುತ್ತೇನೆ.

ಅದು 1994ನೆಯ ಇಸವಿ. ಹಾವೇರಿ ಆಗಿನ್ನೂ ಜಿಲ್ಲೆಯಾಗಿರಲಿಲ್ಲ. ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರು ತಾಲ್ಲೂಕುಗಳೆಲ್ಲ ಧಾರವಾಡ ಜಿಲ್ಲೆಗೇ ಸೇರಿದ್ದವು. ಆ ಭಾಗದ ಒಂದು ಕಾಲೇಜಿನಲ್ಲಿ ನಾನು ಕನ್ನಡ ಅಧ್ಯಾಪಕನಾಗಿದ್ದೆ. ವಾರ್ಷಿಕ ಸ್ನೇಹಸಮ್ಮೇಳನದ ಹಾಡು, ನಾಟಕಗಳ ಹೊಣೆ ನನ್ನ ಮೇಲಿತ್ತು. ಪಿಯುಸಿ ಎರಡನೆಯ ವರ್ಷದ ಒಬ್ಬ ಹುಡುಗ ಬಂದು ನಿಂತ. ಶಿಗ್ಗಾಂವಿ ತಾಲ್ಲೂಕಿನ ಒಂದು ಹಳ್ಳಿಯವನು. ಕೈಯಲ್ಲಿ ಹುಬ್ಬಳ್ಳಿಯಿಂದ ತಂದ ಹಳೆಯ ಗಿಟಾರು.

"ಸರ್, ಶರೀಫಜ್ಜನ ಪದಾ ಹಾಡ್ತೀನ್ರಿ. ನಮ್ಮಜ್ಜನ ಧಾಟೀನ ಐತ್ರಿ. ಆದ್ರ ಗಿಟಾರ ಬಾರಿಸ್ಕೋತ ಹಾಡ್ತೀನ್ರಿ" ಎಂದ.

ನನಗೆ ನಗು ಬಂತು, ಜೊತೆಗೆ ಸಿಟ್ಟೂ ಬಂತು. "ತತ್ವಪದಕ್ಕೂ ಗಿಟಾರಿಗೂ ಎಲ್ಲಿಯ ಜೋಡಿಯಪ್ಪಾ? ಏಕತಾರಿ ತಗೊಂಡು ಬಾ, ಹಾಡು. ಇಲ್ಲದಿದ್ದರೆ ಬೇಡ" ಎಂದು ಅವನ ಹೆಸರನ್ನು ಪಟ್ಟಿಯಿಂದ ಹೊಡೆದು ಹಾಕಿದೆ. ಹುಡುಗ ಎದುರು ಮಾತನಾಡಲಿಲ್ಲ.

ಸಮ್ಮೇಳನದ ದಿನ ಅವನ ಅಜ್ಜ ಬಸ್ಸು ಹಿಡಿದು ಬಂದಿದ್ದರು. ಮೊಮ್ಮಗ ಹಾಡುತ್ತಾನೆಂದು ಬಂದವರು, ಅವನ ಹೆಸರು ಕರೆಯದೆಯೇ ಕಾರ್ಯಕ್ರಮ ಮುಗಿದದ್ದನ್ನು ಕಂಡರು. ಹೊರಗೆ ನನ್ನನ್ನು ನಿಲ್ಲಿಸಿ ಕೈ ಮುಗಿದು ಹೀಗೆ ಕೇಳಿದರು:

"ಮಾಸ್ತರ್ರ, ಸಿಟ್ಟಾಗಬ್ಯಾಡ್ರಿ, ಒಂದ ಮಾತ ಕೇಳ್ತೀನಿ. ನಮ್ಮಪ್ಪ ಹಾಡೂ ಮುಂದ ಏಕತಾರಿ, ತಾಳ ಇಷ್ಟ ಇದ್ದೂವು. ನನ್ನ ಕಾಲಕ್ಕ ಪೇಟಿ ಬಂತು. ಪೇಟಿ ಬಂತಂತ ಪದಾ ಕೆಟ್ಟಿತೇನ್ರಿ?"

ನನ್ನ ಬಳಿ ಉತ್ತರವಿರಲಿಲ್ಲ. ಏನೋ ಹೇಳಿ ಜಾರಿಕೊಂಡೆ. ಎರಡು ವರ್ಷಗಳಲ್ಲಿ ಆ ಹಿರಿಯರು ತೀರಿಕೊಂಡರೆಂದು ತಿಳಿಯಿತು. ಅವರ ಮುಂದೆ ಮೊಮ್ಮಗ ವೇದಿಕೆಯ ಮೇಲೆ ಹಾಡುವ ಅವಕಾಶವನ್ನು ನಾನು ತಪ್ಪಿಸಿದ್ದೆ. ಅದನ್ನು ಮರಳಿ ಕೊಡುವುದು ಸಾಧ್ಯವಿಲ್ಲ.

ಆದರೆ ಅವರ ಪ್ರಶ್ನೆ ನನ್ನನ್ನು ಬಿಡಲಿಲ್ಲ. ಪೇಟಿ ಎಂದರೆ ಹಾರ್ಮೋನಿಯಂ. ಇಂದು ಅದಿಲ್ಲದ ಭಜನಾ ಮೇಳವನ್ನು ಕಾಣುವುದು ಕಷ್ಟ. ಅದು ನಮ್ಮದೇ ವಾದ್ಯವೆಂದು ನಾವು ತಿಳಿದಿದ್ದೇವೆ. ವಾಸ್ತವವಾಗಿ ಅದು 1840ರ ದಶಕದಲ್ಲಿ ಫ್ರಾನ್ಸಿನಲ್ಲಿ ರೂಪುಗೊಂಡದ್ದು. ಭಾರತಕ್ಕೆ ಬಂದ ಮೇಲೆ ನೆಲದ ಮೇಲೆ ಕುಳಿತು, ಒಂದು ಕೈಯಲ್ಲಿ ಗಾಳಿ ಹಾಕುತ್ತ ಇನ್ನೊಂದು ಕೈಯಲ್ಲಿ ನುಡಿಸುವ ಹಾಗೆ ನಮ್ಮವರು ಅದನ್ನು ಮಾರ್ಪಡಿಸಿಕೊಂಡರು. ಅದರ ಸ್ವರಗಳು ನಮ್ಮ ರಾಗಗಳಿಗೆ ಒಗ್ಗುವುದಿಲ್ಲವೆಂದು ಆಕಾಶವಾಣಿಯು 1940ರಲ್ಲಿ ಅದನ್ನು ನಿಷೇಧಿಸಿತ್ತು. 1971ರಲ್ಲಿ ಆ ನಿಷೇಧ ಸಡಿಲಾಯಿತು. ಅಷ್ಟು ವರ್ಷ ಬಾನುಲಿಯಿಂದ ಹೊರಗಿದ್ದ ಪೇಟಿಯನ್ನು ಹಳ್ಳಿಯ ಗುಡಿಗಳು ಹೊರಗಿಡಲಿಲ್ಲ. ಪಿಟೀಲಿನ ಕಥೆಯೂ ಇಂಥದೇ. ಅದೂ ಯುರೋಪಿನಿಂದ ಬಂದು ಕರ್ನಾಟಕ ಸಂಗೀತದ ಕಚೇರಿಯಲ್ಲಿ ಖಾಯಂ ಜಾಗ ಪಡೆಯಿತು.

ಈ ನಾಲ್ಕು ತಾಲ್ಲೂಕುಗಳ ನೆಲವೇ ಹಾಡಿನ ನೆಲ. ಶಿಗ್ಗಾಂವಿ ತಾಲ್ಲೂಕಿನ ಬಾಡ ಕನಕದಾಸರ ಊರು. ಹಿರೇಕೆರೂರು ತಾಲ್ಲೂಕಿನ ಅಬಲೂರು ಸರ್ವಜ್ಞನ ಹೆಸರಿನೊಂದಿಗೆ ಸೇರಿಹೋಗಿದೆ. ಹಾನಗಲ್ಲಿನ ಹೆಸರನ್ನು ಗಂಗೂಬಾಯಿ ಹಾನಗಲ್ ದೇಶವಿದೇಶಗಳಿಗೆ ಕೊಂಡೊಯ್ದರು. ಅದೇ ಹಾನಗಲ್ಲ ತಾಲ್ಲೂಕಿನಲ್ಲಿ ಹುಟ್ಟಿದ ಪಂಚಾಕ್ಷರಿ ಗವಾಯಿಗಳು ಮತ್ತು ಅವರ ಶಿಷ್ಯ ಪುಟ್ಟರಾಜ ಗವಾಯಿಗಳು ಕಣ್ಣಿಲ್ಲದಿದ್ದರೂ ಗದುಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಸಾವಿರಾರು ಮಕ್ಕಳಿಗೆ ಸಂಗೀತದ ಕಣ್ಣು ಕೊಟ್ಟರು. ಪುಟ್ಟರಾಜರು ಹಿಂದುಸ್ತಾನಿ, ಕರ್ನಾಟಕ ಎರಡೂ ಪದ್ಧತಿಗಳನ್ನು ಬಲ್ಲವರು. ಹಾರ್ಮೋನಿಯಂ, ಪಿಟೀಲು ಮೊದಲಾದ ಅನೇಕ ವಾದ್ಯಗಳನ್ನು ನುಡಿಸಬಲ್ಲವರಾಗಿದ್ದರು. ಈ ವಾದ್ಯ ನಮ್ಮದು, ಆ ವಾದ್ಯ ಹೊರಗಿನದು ಎಂದು ಅವರು ಬೇಲಿ ಹಾಕಿಕೊಳ್ಳಲಿಲ್ಲ. ಬೇಲಿ ಹಾಕಿದ್ದು ನಾನು!

ಇನ್ನು ಗಿಟಾರಿನ ಬಗ್ಗೆ ಒಂದೆರಡು ಮಾತು. ಸಾಮಾನ್ಯ ಗಿಟಾರಿಗೆ ಆರು ತಂತಿ. ಕುತ್ತಿಗೆಯ ಮೇಲೆ ಅಡ್ಡಲಾಗಿ ಲೋಹದ ಮೆಟ್ಟಿಲುಗಳಿರುತ್ತವೆ. ಒಂದು ಸ್ಥಾಯಿಗೆ ಹನ್ನೆರಡು ಮೆಟ್ಟಿಲು. ಹನ್ನೆರಡನೆಯ ಮೆಟ್ಟಿಲಿನಲ್ಲಿ ತಂತಿಯ ಉದ್ದ ಸರಿಯಾಗಿ ಅರ್ಧಕ್ಕೆ ಬರುತ್ತದೆ, ಸ್ವರ ಮೇಲಿನ ಷಡ್ಜವನ್ನು ಮುಟ್ಟುತ್ತದೆ. ರಾಕ್ ಸಂಗೀತದಲ್ಲಿ ಬಳಸುವುದು ವಿದ್ಯುತ್ ಗಿಟಾರು. ಅದರ ಉಕ್ಕಿನ ತಂತಿಗಳ ಕೆಳಗೆ ಅಯಸ್ಕಾಂತ, ಅದರ ಸುತ್ತ ತೆಳುವಾದ ತಾಮ್ರದ ತಂತಿಯ ಸುರುಳಿ. ಉಕ್ಕಿನ ತಂತಿ ಕಂಪಿಸಿದಾಗ ಕಾಂತಕ್ಷೇತ್ರ ಬದಲಾಗಿ ಸುರುಳಿಯಲ್ಲಿ ವಿದ್ಯುತ್ತು ಹುಟ್ಟುತ್ತದೆ. ಅದನ್ನು ಆಂಪ್ಲಿಫೈಯರು ದೊಡ್ಡದು ಮಾಡುತ್ತದೆ. ನಿಮ್ಮ ಭೌತಶಾಸ್ತ್ರದ ಪುಸ್ತಕದಲ್ಲಿರುವ ಫ್ಯಾರಡೆಯ ನಿಯಮವೇ ಇದು. ಫ್ಯಾರಡೆ ಇದನ್ನು ಕಂಡುಹಿಡಿದದ್ದು 1831ರಲ್ಲಿ. ಆಗ ಶಿಶುನಾಳದಲ್ಲಿ ಶರೀಫರು ಹನ್ನೆರಡು ವರ್ಷದ ಹುಡುಗ!

ಇನ್ನೊಂದು ಸಂಗತಿಯನ್ನು ಗಮನಿಸಿ. ಹಾರ್ಮೋನಿಯಂನ ಮನೆಗಳು ಸ್ಥಿರ. ಒಂದು ಸ್ವರದಿಂದ ಇನ್ನೊಂದಕ್ಕೆ ಜಾರುವುದು ಅದರಿಂದ ಆಗದು. ಗಿಟಾರಿನಲ್ಲಾದರೋ ಬೆರಳಿನಿಂದ ತಂತಿಯನ್ನು ಪಕ್ಕಕ್ಕೆ ಎಳೆದರೆ ಸ್ವರ ಮೆಲ್ಲನೆ ಏರುತ್ತದೆ. ನಮ್ಮ ಸಿತಾರಿನವರು ಮೀಂಡ್ ಎನ್ನುವುದು ಇದನ್ನೇ. ಹಾಗೆ ನೋಡಿದರೆ ನಮ್ಮ ಹಾಡುಗಾರಿಕೆಯ ಎಳೆತಕ್ಕೆ ಪೇಟಿಗಿಂತ ಗಿಟಾರೇ ಒಂದು ಹೆಜ್ಜೆ ಹತ್ತಿರ. ಇದನ್ನು ತಿಳಿಯದೆಯೇ ನಾನು ತೀರ್ಪು ಕೊಟ್ಟಿದ್ದೆ.

ನನ್ನ ಕಣ್ಣು ತೆರೆಸಿದವನೂ ಅದೇ ಹುಡುಗ. 2005ರ ಮಾರ್ಚ್ ತಿಂಗಳಲ್ಲಿ ಕೆಲಸದ ಮೇಲೆ ಬೆಂಗಳೂರಿಗೆ ಹೋಗಿದ್ದೆ. ಆ ವೇಳೆಗೆ ಅವನು ಅಲ್ಲಿನ ಒಂದು ಕಾರ್ಖಾನೆಯಲ್ಲಿ ಕೆಲಸಕ್ಕಿದ್ದ. ಹಳೆಯದನ್ನು ಮನಸ್ಸಿನಲ್ಲಿಟ್ಟುಕೊಳ್ಳದೆ, "ಸರ್, ಇವತ್ತ ಸಂಜೀಕ ನನ್ನ ಸಂಗಾಟ ಬರಬೇಕ್ರಿ" ಎಂದು ಅರಮನೆ ಮೈದಾನಕ್ಕೆ ಕರೆದುಕೊಂಡು ಹೋದ. ಆ ವರ್ಷಗಳಲ್ಲಿ ಜಗತ್ತಿನ ದೊಡ್ಡ ರಾಕ್ ತಂಡಗಳು ಬೆಂಗಳೂರಿಗೆ ಬರತೊಡಗಿದ್ದವು. 2003ರಲ್ಲಿ ರೋಲಿಂಗ್ ಸ್ಟೋನ್ಸ್ ಬಂದಿತ್ತು. ಮುಂದೆ 2007ರಲ್ಲಿ ಐರನ್ ಮೇಡನ್, 2011ರಲ್ಲಿ ಮೆಟಾಲಿಕಾ ಬಂದವು. ಅಂದು ನುಡಿಸಿದವರು ಡೈರ್ ಸ್ಟ್ರೇಟ್ಸ್ ತಂಡದಿಂದ ಹೆಸರಾದ ಮಾರ್ಕ್ ನಾಫ್ಲರ್.

ರಾಕ್ ಎಂದರೆ ಬರೀ ಗದ್ದಲ ಎಂದುಕೊಂಡು ಹೋದವನು ನಾನು. ಕಂಡದ್ದು ಬೇರೆ. ನಾಫ್ಲರ್ ಹೆಚ್ಚಾಗಿ ತಂತಿಯನ್ನು ಮೀಟುವ ಬಿಲ್ಲೆಯನ್ನು ಬಳಸದೆ, ಹೆಬ್ಬೆರಳು ಮತ್ತು ಪಕ್ಕದ ಬೆರಳುಗಳಿಂದಲೇ ನುಡಿಸುವವರು. ಏಕತಾರಿಯನ್ನು ಬೆರಳಿನಿಂದ ಮೀಟುವವರ ಕೈ ನನಗೆ ನೆನಪಾಯಿತು. ಅವರು ಒಂದು ಸಾಲು ಹಾಡುತ್ತಾರೆ. ಗಿಟಾರು ಅದಕ್ಕೆ ಓಗೊಡುತ್ತದೆ. ಮತ್ತೆ ಒಂದು ಸಾಲು, ಮತ್ತೆ ಓಗೊಡುವುದು. ಮುಂದಿನವರು ಹೇಳಿದ್ದನ್ನು ಹಿಂದಿನವರು ಎತ್ತಿಕೊಳ್ಳುವ ನಮ್ಮ ಭಜನೆಯ ಕ್ರಮದಂತೆಯೇ ಅದು ನನಗೆ ಕೇಳಿಸಿತು.

ಅವರ ಹೆಸರಾಂತ ಹಾಡು 'ಸುಲ್ತಾನ್ಸ್ ಆಫ್ ಸ್ವಿಂಗ್' ಮೊದಲು ಹೊರಬಂದದ್ದು 1978ರಲ್ಲಿ. ಅದರ ಅರ್ಥವನ್ನು ಹುಡುಗ ನನಗೆ ಬಿಡಿಸಿ ಹೇಳಿದ. ಲಂಡನ್ನಿನ ಒಂದು ಮಳೆಯ ರಾತ್ರಿ. ಹೆಚ್ಚು ಜನರಿಲ್ಲದ ಒಂದು ಕೋಣೆ. ಅಲ್ಲಿ ಒಂದು ಚಿಕ್ಕ ತಂಡ ನುಡಿಸುತ್ತಿದೆ. ಅವರಲ್ಲೊಬ್ಬ ಹಗಲು ಬೇರೆ ಕೆಲಸ ಮಾಡಿ ಹೊಟ್ಟೆ ಹೊರೆಯುವವನು. ಕೇಳುವವರು ಇರಲಿ, ಬಿಡಲಿ, ಅವರು ನುಡಿಸುತ್ತಾರೆ. ಹಗಲೆಲ್ಲ ಹೊಲದಲ್ಲಿ ದುಡಿದು, ರಾತ್ರಿ ಗುಡಿಯ ಕಟ್ಟೆಯ ಮೇಲೆ ಕುಳಿತು ತತ್ವಪದ ಹಾಡುವವರನ್ನು ಕಂಡ ನನಗೆ ಈ ಹಾಡು ಪರಕೀಯವೆನಿಸಲಿಲ್ಲ. ಅದು ಇಪ್ಪತ್ತೇಳು ವರ್ಷ ಬಾಳಿ ಆ ದಿನವೂ ಹೊಸದಾಗಿ ಕೇಳಿಸಿದ್ದೇಕೆ ಎಂಬುದೂ ಅರ್ಥವಾಯಿತು.

ಆ ರಾತ್ರಿ ಹುಡುಗನ ಕೋಣೆಗೆ ಹೋದೆವು. ಅವನು ಗೋಡೆಗೆ ಆನಿಸಿದ್ದ ಗಿಟಾರನ್ನು ತೆಗೆದುಕೊಂಡು, ಮಾಳಿಗೆ ಸೋರುವುದನ್ನು ಕುರಿತ ಶರೀಫರ ಪದವನ್ನು ಹಾಡಿದ. ನಾನು ಅದುವರೆಗೆ ಕ್ಯಾಸೆಟ್ಟಿನಲ್ಲಿ ಕೇಳಿದ್ದ ಧಾಟಿ ಅದಲ್ಲ. ನಿಧಾನವಾದ, ನಡುನಡುವೆ ಉಸಿರು ಬಿಟ್ಟು ನಿಲ್ಲುವ ಧಾಟಿ. "ಇದು ನಮ್ಮಜ್ಜಂದ್ರಿ ಸರ್. ಈಗ ಊರಾಗ ಹಿಂಗ ಹಾಡವ್ರು ಯಾರೂ ಉಳದಿಲ್ಲ" ಎಂದ. ನಾನು ಯಾವ ಗಿಟಾರನ್ನು ವೇದಿಕೆ ಹತ್ತಗೊಡಲಿಲ್ಲವೋ, ಆ ಧಾಟಿಯನ್ನು ಉಳಿಸಿಕೊಂಡಿದ್ದುದು ಅದೇ ಗಿಟಾರು. ನಾನು ಅವನ ಕ್ಷಮೆ ಕೇಳಿದೆ. ಅವನು ನಕ್ಕು ಚಹಾ ಮಾಡಲು ಎದ್ದ.

ಮಿತ್ರರೇ, ಕೆಲವು ಹಾಡುಗಳು ಬಂದಷ್ಟೇ ಬೇಗ ಮರೆಯಾಗುತ್ತವೆ. ಕೆಲವು ಮಾತ್ರ ಹಳತಾಗುವುದಿಲ್ಲ. ಏಕೆ? ನನಗೆ ತೋಚಿದ ಮೂರು ಕಾರಣಗಳನ್ನು ಹೇಳುತ್ತೇನೆ.

ಮೊದಲನೆಯದು, ಹಾಡಿನೊಳಗೆ ನಿಜವಾದ ವಸ್ತುಗಳಿರಬೇಕು. 1819ರಲ್ಲಿ ಹುಟ್ಟಿ 1889ರಲ್ಲಿ ತೀರಿಕೊಂಡ ಶರೀಫರು ಸೋರುವ ಮಾಳಿಗೆ, ಗುಡುಗುಡಿ, ಕೋಳಿ, ಬಿತ್ತನೆ, ಗಿರಣಿ ಹೀಗೆ ಕಣ್ಣೆದುರಿನ ವಸ್ತುಗಳನ್ನೇ ಹಾಡಿದರು. ಮಣ್ಣಿನ ಮಾಳಿಗೆ ಸೋರಿದ ಮನೆಯಲ್ಲಿ ರಾತ್ರಿ ಕಳೆದವನಿಗೆ ಆ ಪದವನ್ನು ಯಾರೂ ವಿವರಿಸಬೇಕಾಗಿಲ್ಲ. ಅಂಥ ಮನೆಯನ್ನು ನೋಡದವನಿಗೂ ಅದು ಮನೆಯ ಮಾತಷ್ಟೇ ಅಲ್ಲ, ಮನಸ್ಸಿನ ಮಾತು ಎಂದು ಹೊಳೆಯುತ್ತದೆ.

ಎರಡನೆಯದು, ಎಲ್ಲರೂ ಸೇರಿಕೊಳ್ಳಲು ಜಾಗವಿರಬೇಕು. ತತ್ವಪದದ ಪಲ್ಲವಿ ಚಿಕ್ಕದು, ಲಯ ಗಟ್ಟಿ. ಎರಡನೆಯ ಸಲಕ್ಕೆ ಕೇಳುಗನೂ ಹಾಡುಗಾರನಾಗುತ್ತಾನೆ. ಒಳ್ಳೆಯ ರಾಕ್ ಹಾಡಿನ ಗುಟ್ಟೂ ಇದೇ.

ಮೂರನೆಯದು, ಹಾಡು ಒಂದೇ ವಾದ್ಯಕ್ಕೆ, ಒಂದೇ ಧಾಟಿಗೆ ಕಟ್ಟುಬಿದ್ದಿರಬಾರದು. ಶರೀಫರ ಪದಗಳು ಬಹುಕಾಲ ಬಾಯಿಂದ ಬಾಯಿಗೆ ಬಂದವು. 1990ರಲ್ಲಿ ಟಿ.ಎಸ್. ನಾಗಾಭರಣ ಅವರು 'ಸಂತ ಶಿಶುನಾಳ ಶರೀಫ' ಚಿತ್ರವನ್ನು ಮಾಡಿದಾಗ ಸಿ. ಅಶ್ವತ್ಥ್ ಅವುಗಳಿಗೆ ತಮ್ಮದೇ ಸಂಗೀತ ಕೊಟ್ಟರು. ನಾಡಿನ ಮನೆಮನೆಗೆ ಆ ಪದಗಳು ಮುಟ್ಟಿದವು. ಮೈಸೂರಿನಲ್ಲಿ ಬೆಳೆದ ರಘು ದೀಕ್ಷಿತ್ ಗಿಟಾರು ಹಿಡಿದು, ತಮ್ಮ ತಂಡದೊಡನೆ 2008ರ ಮೊದಲ ಆಲ್ಬಮ್ಮಿನಲ್ಲಿ ಮಾಳಿಗೆಯ ಪದವನ್ನೂ ಗುಡುಗುಡಿಯ ಪದವನ್ನೂ ಹಾಡಿದರು. 2011ರಲ್ಲಿ ಆ ತಂಡ ಇಂಗ್ಲೆಂಡಿನ ಗ್ಲಾಸ್ಟನ್‌ಬರಿ ಉತ್ಸವದಲ್ಲಿ ಕಾಣಿಸಿಕೊಂಡಿತು. ಏಕತಾರಿ, ಪೇಟಿ, ಅಶ್ವತ್ಥರ ಕಂಠ, ಗಿಟಾರು: ವಾದ್ಯ ಬದಲಾಯಿತು, ಮಾಳಿಗೆ ಮಾತ್ರ ಇನ್ನೂ ಸೋರುತ್ತಲೇ ಇದೆ.

ಹಾಗೆಂದು ಗಿಟಾರು ಹಿಡಿದ ಮಾತ್ರಕ್ಕೆ ಎಲ್ಲವೂ ಸರಿ ಎಂದು ನಾನು ಹೇಳುತ್ತಿಲ್ಲ. ತತ್ವಪದದಲ್ಲಿ ಮಾತೇ ಪ್ರಾಣ. ವಾದ್ಯದ ಅಬ್ಬರದಲ್ಲಿ ಮಾತು ಮುಳುಗಿದ ಕಾರ್ಯಕ್ರಮಗಳನ್ನೂ ನಾನು ಕೇಳಿದ್ದೇನೆ. ಅಲ್ಲಿ ಹಾಡಿದವರಿಗೇ ಪದದ ಅರ್ಥ ಗೊತ್ತಿರಲಿಲ್ಲ. ಆದರೆ ಅದು ಗಿಟಾರಿನ ದೋಷವಲ್ಲ. ಅರ್ಥ ತಿಳಿಯದೆ ಹಾಡಿದರೆ ಏಕತಾರಿಯೂ ಪದವನ್ನು ಉಳಿಸಲಾರದು.

ಸವಣೂರಿಗೆ ಹೋದವರು ದೊಡ್ಡಹುಣಸೆ ಮಠದ ಆವರಣದಲ್ಲಿರುವ ಮೂರು ಭಾರಿ ಮರಗಳನ್ನು ನೋಡಿರುತ್ತೀರಿ. ಅವುಗಳ ಮೂಲ ಆಫ್ರಿಕಾ. ಯಾವುದೋ ಕಾಲದಲ್ಲಿ ಯಾರೋ ತಂದು ನೆಟ್ಟರು. ನಮ್ಮ ಜನ ಅದಕ್ಕೆ ದೊಡ್ಡಹುಣಸೆ ಎಂದು ಹೆಸರಿಟ್ಟರು, ಮಠಕ್ಕೇ ಆ ಹೆಸರು ನಿಂತಿತು. 2023ರ ಮಳೆಗಾಲದಲ್ಲಿ ಅವುಗಳಲ್ಲೊಂದು ಉರುಳಿದಾಗ, ಪರದೇಶದ ಮರ ಹೋದರೆ ಹೋಗಲಿ ಎಂದು ಕೈಬಿಡಲಿಲ್ಲ. ಎತ್ತಿ ಮತ್ತೆ ಅಲ್ಲಿಯೇ ನೆಟ್ಟರು. ಹೊರಗಿನಿಂದ ಬಂದದ್ದು ನಮ್ಮದಾಗುವ ಬಗೆ ಇದು. ನೀರು ಹಾಕಿದವರದು ಮರ, ಮನಸ್ಸಿಟ್ಟು ನುಡಿಸಿದವರದು ವಾದ್ಯ.

ಕೊನೆಯದಾಗಿ ನಿಮ್ಮಲ್ಲಿ ಒಂದು ಕೋರಿಕೆ. ಮುಂದಿನ ರಜೆಯಲ್ಲಿ ನಿಮ್ಮ ಊರಿನ ಅತ್ಯಂತ ಹಿರಿಯ ಹಾಡುಗಾರರು ಯಾರೆಂದು ವಿಚಾರಿಸಿ. ಅವರೆದುರು ಕುಳಿತು ಒಂದು ಪದವನ್ನಾದರೂ ಪೂರ್ತಿ ಕೇಳಿ. ಮೊಬೈಲಿನಲ್ಲಿ ಮುದ್ರಿಸಿಕೊಳ್ಳಿ, ಆದರೆ ಅಷ್ಟಕ್ಕೇ ನಿಲ್ಲಬೇಡಿ. ಎದುರಿಗೆ ಕುಳಿತಾಗ ಅವರ ಬೆರಳು, ಉಸಿರು, ಎಲ್ಲಿ ನಿಲ್ಲುತ್ತಾರೆ, ಎಲ್ಲಿ ನಗುತ್ತಾರೆ ಎಂಬುದೆಲ್ಲ ತಿಳಿಯುತ್ತದೆ. ಪದದ ಅರ್ಥವನ್ನೂ ಕೇಳಿ ತಿಳಿಯಿರಿ. ಆಮೇಲೆ ನಿಮ್ಮ ಕೈಗೆ ಒಗ್ಗಿದ ವಾದ್ಯದಲ್ಲಿ ಅದನ್ನು ನುಡಿಸಿ. ಸಾಧ್ಯವಾದರೆ ಅವರು ಕೇಳುತ್ತಿರುವಾಗಲೇ ನುಡಿಸಿ. ನನ್ನ ವಿದ್ಯಾರ್ಥಿಗೆ ಆ ಭಾಗ್ಯ ದೊರೆಯಲಿಲ್ಲ. ನಿಮಗೆ ದೊರೆಯಲಿ.