ಸೊಂಟನೋವು ಮರಳಿ ಬರುವ ಬಗೆ



ಸೊಂಟ ಹಿಡಿದುಕೊಂಡವನನ್ನು ಕಂಡೊಡನೆ, ‘ಏನು ಭಾರ ಎತ್ತಿದಿರಿ?’ ಎಂದು ಕೇಳುವುದು ಲೋಕರೂಢಿ. ಪ್ರಶ್ನೆ ತಪ್ಪಲ್ಲ, ಅಪೂರ್ಣ. ಆಗ ಹೊತ್ತೆಷ್ಟು, ಮನಸ್ಸೆಲ್ಲಿತ್ತು ಎಂಬುದನ್ನೂ ಕೇಳಬೇಕು.

ಆಸ್ಟ್ರೇಲಿಯಾದ ಸಿಡ್ನಿಯಲ್ಲಿ ಸಂಶೋಧಕರು ನೋವು ತಲೆದೋರಿದ 999 ಮಂದಿಯನ್ನು ವಿಚಾರಿಸಿ, 2015ರಲ್ಲಿ ತಮ್ಮ ನಿರ್ಣಯವನ್ನು ಪ್ರಕಟಿಸಿದರು. ಒಬ್ಬನನ್ನು ಮತ್ತೊಬ್ಬನೊಡನೆ ಹೋಲಿಸದೆ, ಅದೇ ವ್ಯಕ್ತಿಯ ನೋವಿನ ಮುಂಚಿನ ವೇಳೆಯನ್ನು ಅವನ ನಿರಾತಂಕದ ವೇಳೆಯೊಡನೆ ಹೋಲಿಸಿದ್ದು ಇದರ ವೈಶಿಷ್ಟ್ಯ. ಭಾರ, ಅಡ್ಡಾದಿಡ್ಡಿಯಾಗಿ ಬಾಗುವಿಕೆ, ದಣಿವು ಇವೆಲ್ಲವೂ ಅಪಾಯಕರವೆಂದು ಕಂಡುಬಂದರೂ, ಎಲ್ಲಕ್ಕಿಂತ ಮಿಗಿಲಾದುದು ಕೆಲಸದ ನಡುವೆ ಗಮನ ತಪ್ಪುವುದು. ತುಂಬಿದ ಕೊಡವನ್ನೆತ್ತುವಾಗ ಬೀದಿಬಾಗಿಲಲ್ಲಿ ಯಾರೋ ಕೂಗಿದರೆಂದು ಥಟ್ಟನೆ ಹೊರಳುತ್ತೇವಷ್ಟೆ. ಆ ಕ್ಷಣವೇ ಸಾಕು. ನೋವು ಹೆಚ್ಚಾಗಿ ಆರಂಭವಾದುದು ಬೆಳಗಿನ 7 ಗಂಟೆಯಿಂದ ನಡುಹಗಲಿನೊಳಗೆ. ರಾತ್ರಿ ಮಲಗಿರುವಾಗ ಬೆನ್ನೆಲುಬಿನ ಮಣಿಗಳ ನಡುವಣ ಮೆತ್ತೆಗಳು ನೀರು ಹೀರಿ ಉಬ್ಬುತ್ತವೆ. ಎದ್ದೊಡನೆ ನಾವು ಹಿಂದಿನ ಸಂಜೆಗಿಂತ ತುಸು ಎತ್ತರವಾಗಿಯೇ ಇರುತ್ತೇವೆ. ಆಗ ಬಾಗಿದರೆ ಅವುಗಳ ಮೇಲೆ ಬೀಳುವ ಎಳೆತ ಹೆಚ್ಚು.

ಒಮ್ಮೆ ಬಂದ ನೋವು ಮರಳಿ ಬರುವುದೇ ಹೆಚ್ಚು. 2019ರ ಒಂದು ಅಧ್ಯಯನದಲ್ಲಿ, ಗುಣಹೊಂದಿದವರಲ್ಲಿ ನೂರಕ್ಕೆ 69 ಮಂದಿಗೆ ವರ್ಷದೊಳಗೆ ಅದು ಮರುಕಳಿಸಿತು. ಹಿಂದೆ ಎರಡಕ್ಕಿಂತ ಹೆಚ್ಚು ಬಾರಿ ನರಳಿದ್ದವರಿಗೂ, ದಿನಕ್ಕೆ 5 ಗಂಟೆಗೂ ಮೀರಿ ಕುಳಿತಿರುವವರಿಗೂ ಅಪಾಯ ಅಧಿಕ. ಕುರ್ಚಿಯನ್ನೇ ನೆಚ್ಚಿದ ನಮ್ಮ ಉಪಾಧ್ಯಾಯವರ್ಗಕ್ಕೆ ಇದು ಹಿತವಾದ ಸುದ್ದಿಯಲ್ಲ! ಹಾಗೆಂದು ನೋವಿಗಂಜಿ ಹಾಸಿಗೆ ಹಿಡಿಯುವುದೂ ಪರಿಹಾರವಲ್ಲ. 2024ರಲ್ಲಿ ಪ್ರಕಟವಾದ, 701 ಮಂದಿಯ ಮೇಲಿನ ಪ್ರಯೋಗದಲ್ಲಿ, ತಿಳಿವಳಿಕೆ ಪಡೆದು ಕ್ರಮಕ್ರಮವಾಗಿ ನಡಿಗೆಯನ್ನು ಹೆಚ್ಚಿಸಿಕೊಂಡವರಿಗೆ ನೋವು ಮಧ್ಯಮ ಲೆಕ್ಕದಲ್ಲಿ 208 ದಿನಗಳ ಬಳಿಕ ಮರಳಿತು. ಉಳಿದವರಿಗೆ 112 ದಿನಗಳಲ್ಲೇ.