ಮೊಂಡು ಹಿಡಿದ ಜೀಪು

ಮಕ್ಕಳೇ, ಕಾರವಾರ, ಅಂಕೋಲಾ ಕಡೆ ಜೂನ್ ತಿಂಗಳಲ್ಲಿ ಒಗೆದ ಅಂಗಿ ಒಣಗುವುದಿಲ್ಲ, ಗೀರಿದ ಬೆಂಕಿಕಡ್ಡಿ ಹತ್ತುವುದಿಲ್ಲ. ವರ್ಷಕ್ಕೆ 3000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವ ಊರುಗಳಲ್ಲವೇ! ಇದೇ ಕಾಲಕ್ಕೆ ಮೊಂಡು ಹಿಡಿಯುವ ಇನ್ನೊಂದು ಪ್ರಾಣಿ ಉಂಟು. ಅದೇ ಹಳೆಯ ಪೆಟ್ರೋಲ್ ಜೀಪು.

ಎರಡನೆಯ ಮಹಾಯುದ್ಧದ ಸೈನಿಕರಿಗಾಗಿ ಅಮೆರಿಕದ ವಿಲ್ಲಿಸ್ ಕಂಪನಿ 1941ರಿಂದ ಇಂಥ ಜೀಪುಗಳನ್ನು ರಾಶಿ ರಾಶಿ ತಯಾರಿಸಿತು. ಯುದ್ಧ ಮುಗಿದ ಮೇಲೆ ನಮ್ಮಲ್ಲಿ ಮಹೀಂದ್ರಾ ಕಂಪನಿ ಮುಂಬೈಯಲ್ಲಿ ಅವನ್ನು ಜೋಡಿಸತೊಡಗಿತು. ಮುಂದೆ ಡೀಸೆಲ್ ಅಗ್ಗವೆಂದು ಎಷ್ಟೋ ಜನ ಪೆಟ್ರೋಲ್ ಎಂಜಿನ್ ಕಿತ್ತು ಡೀಸೆಲ್ ಎಂಜಿನ್ ಕೂರಿಸಿಬಿಟ್ಟರು. ಹಾಗಾಗಿ ಈಗ ಉಳಿದಿರುವ ಪೆಟ್ರೋಲ್ ಜೀಪುಗಳು ಯಾರೋ ಪ್ರೀತಿಯಿಂದ ಸಾಕಿಕೊಂಡವು. ಅವುಗಳಲ್ಲಿ ಕಂಪ್ಯೂಟರ್ ಇಲ್ಲ. ಬಾನೆಟ್ ಎತ್ತಿದರೆ ಎಲ್ಲವೂ ಕಣ್ಣೆದುರಿಗೇ ಇರುತ್ತದೆ. ವಿಜ್ಞಾನ ಕಲಿಯಲು ಇದಕ್ಕಿಂತ ಒಳ್ಳೆಯ ಗಾಡಿ ನನಗಂತೂ ಗೊತ್ತಿಲ್ಲ.

ಎಂಜಿನ್ ಹೊತ್ತಿಕೊಳ್ಳಲು ಬೇಕಾದದ್ದು ಇಷ್ಟೇ: ಗಾಳಿಯಲ್ಲಿ ಬೆರೆತ ಪೆಟ್ರೋಲ್ ಆವಿ, ಅದನ್ನು ಒತ್ತಿ ಹಿಡಿಯುವ ಪಿಸ್ಟನ್, ಸರಿಯಾದ ಗಳಿಗೆಯಲ್ಲಿ ಒಂದು ಕಿಡಿ. "ಜೀಪು ಸ್ಟಾರ್ಟ್ ಆಗಲಿಲ್ಲ" ಎಂದು ಯಾರಾದರೂ ಹೇಳಿದರೆ ಒಳ್ಳೆಯ ಮೆಕ್ಯಾನಿಕ್ ತಕ್ಷಣ ಸ್ಪ್ಯಾನರ್ ಎತ್ತಿಕೊಳ್ಳುವುದಿಲ್ಲ. ಮೊದಲು ಕೇಳುತ್ತಾನೆ, "ಸೆಲ್ಫ್ ಹೊಡೆದಾಗ ಎಂಜಿನ್ ತಿರುಗುತ್ತದೋ ಇಲ್ಲವೋ?"

ಈ ಒಂದೇ ಪ್ರಶ್ನೆಗೆ ಅರ್ಧ ಕೆಲಸ ಮುಗಿಯುತ್ತದೆ. ತಿರುಗುವುದೇ ಇಲ್ಲ, ಬರೀ ಟಕ್ ಟಕ್ ಎನ್ನುತ್ತದೆ ಎಂದಾದರೆ ಪೆಟ್ರೋಲನ್ನೂ ಕಿಡಿಯನ್ನೂ ಸದ್ಯಕ್ಕೆ ಮರೆತುಬಿಡಬಹುದು. ನೋಡಬೇಕಾದದ್ದು ಬ್ಯಾಟರಿ ಮತ್ತು ಅದರ ತಂತಿಗಳನ್ನು.

ಇಲ್ಲಿ ಮಾಲೀಕರು ಒಂದು ಮಾತು ಹೇಳುವುದುಂಟು: "ಹಾರ್ನ್ ಜೋರಾಗಿ ಕೂಗುತ್ತದೆ, ಬ್ಯಾಟರಿಗೇನೂ ಆಗಿಲ್ಲ." ಇದನ್ನು ನಂಬಬೇಡಿ, ಲೆಕ್ಕ ಮಾಡಿ. ಸಮುದ್ರದ ಗಾಳಿಗೆ ತಂತಿಯ ತುದಿ ಕಿಲುಬು ಹಿಡಿದು ಅಲ್ಲಿ 0.05 ಓಮ್ ತಡೆ ಹುಟ್ಟಿದೆ ಎಂದುಕೊಳ್ಳೋಣ. ಹಾರ್ನಿಗೆ ಸುಮಾರು 5 ಆಂಪಿಯರ್ ಸಾಕು. 5ನ್ನು 0.05ರಿಂದ ಗುಣಿಸಿದರೆ ಕಾಲು ವೋಲ್ಟ್ ಆಯಿತು. ಅಷ್ಟು ಕಳೆದುಹೋದರೆ ಹಾರ್ನಿಗೆ ಗೊತ್ತೂ ಆಗುವುದಿಲ್ಲ. ಆದರೆ ಎಂಜಿನ್ನನ್ನೇ ತಿರುಗಿಸುವ ಸೆಲ್ಫ್ ಮೋಟಾರಿಗೆ 100 ಆಂಪಿಯರಿಗೂ ಹೆಚ್ಚು ಬೇಕು. ಅದೇ ಕಿಲುಬಿನಲ್ಲಿ ಈಗ 5 ವೋಲ್ಟ್ ಸೋರಿಹೋಯಿತು! ಬ್ಯಾಟರಿಯ 12 ವೋಲ್ಟಿನಲ್ಲಿ ಉಳಿದದ್ದು 7. ಮೋಟಾರ್ ತಾನೇ ಏನು ಮಾಡೀತು? ಹೊಸ ಬ್ಯಾಟರಿಗೆ ದುಡ್ಡು ಸುರಿಯುವ ಮೊದಲು ಉಪ್ಪುಕಾಗದದಿಂದ ಆ ತುದಿಗಳನ್ನು ಉಜ್ಜಿ, ಬಿಗಿದು ನೋಡುವುದು ಜಾಣತನ. ಬ್ಯಾಟರಿಯಿಂದ ಜೀಪಿನ ಮೈಗೆ ಹೋಗುವ ಅರ್ತ್ ತಂತಿಯನ್ನಂತೂ ಎಲ್ಲರೂ ಮರೆಯುತ್ತಾರೆ.

ಎಂಜಿನ್ ಚೆನ್ನಾಗಿ ತಿರುಗಿಯೂ ಹೊತ್ತಿಕೊಳ್ಳದಿದ್ದರೆ? ಮಳೆಗಾಲದಲ್ಲಾದರೆ ನನ್ನ ಮೊದಲ ಅನುಮಾನ ಕಿಡಿಯ ಮೇಲೆ.

ಗಾಳಿ ಸುಲಭಕ್ಕೆ ವಿದ್ಯುತ್ತನ್ನು ಹಾಯಲು ಬಿಡುವುದಿಲ್ಲ, ಒತ್ತಿದ ಗಾಳಿಯಂತೂ ಇನ್ನೂ ಹಟಮಾರಿ. ಪ್ಲಗ್ಗಿನ ತುದಿಯಲ್ಲಿರುವ ಒಂದು ಮಿಲಿಮೀಟರಿಗೂ ಕಡಿಮೆಯ ಸಂದಿಯನ್ನು ಹಾರಲು ಸಾವಿರಾರು ವೋಲ್ಟ್ ಬೇಕು. ಬ್ಯಾಟರಿಯಲ್ಲಿ ಇರುವುದೋ 12. ಆ ಕೊರತೆಯನ್ನು ತುಂಬಿಕೊಡುವುದು ಇಗ್ನಿಷನ್ ಕಾಯಿಲ್. ಅದರೊಳಗೆ ಕಬ್ಬಿಣದ ತಿರುಳಿನ ಸುತ್ತ ಎರಡು ಸುರುಳಿ, ಒಂದರಲ್ಲಿ ಕೆಲವು ನೂರು ಸುತ್ತು, ಇನ್ನೊಂದರಲ್ಲಿ ಹಲವು ಸಾವಿರ. ಕಡಿಮೆ ಸುತ್ತಿನದಕ್ಕೆ ಕರೆಂಟ್ ಕೊಟ್ಟರೆ ತಿರುಳು ಅಯಸ್ಕಾಂತವಾಗುತ್ತದೆ. ಸೋಜಿಗವೆಂದರೆ ಕಿಡಿ ಹುಟ್ಟುವುದು ಕರೆಂಟ್ ಕೊಟ್ಟಾಗ ಅಲ್ಲ, ಫಕ್ಕನೆ ಕಡಿದಾಗ. ಕಾಂತಶಕ್ತಿ ಒಮ್ಮೆಲೇ ಕುಸಿಯುತ್ತದೆ, ಆ ಕುಸಿತವೇ ದೊಡ್ಡ ಸುರುಳಿಯಲ್ಲಿ ಸಾವಿರಾರು ವೋಲ್ಟ್ ಎಬ್ಬಿಸುತ್ತದೆ. ಬದಲಾಗುವ ಕಾಂತಕ್ಷೇತ್ರ ವಿದ್ಯುತ್ತನ್ನು ಹುಟ್ಟಿಸುತ್ತದೆಂದು ಮೈಕೆಲ್ ಫ್ಯಾರಡೆ 1831ರಲ್ಲೇ ತೋರಿಸಿದ್ದ. ಜೀಪಿನಲ್ಲಿ ಕರೆಂಟ್ ಕಡಿಯುವ ಕೆಲಸ 'ಪಾಯಿಂಟ್' ಎಂಬ ಪುಟ್ಟ ಬಾಯಿಯದು. ಎಂಜಿನ್ ತಿರುಗಿದಂತೆ ಅದು ತೆರೆದು ಮುಚ್ಚುತ್ತಿರುತ್ತದೆ.

ಹೀಗೆ ಹುಟ್ಟಿದ ವಿದ್ಯುತ್ತು ಡಿಸ್ಟ್ರಿಬ್ಯೂಟರಿನ (ಗ್ಯಾರೇಜಿನಲ್ಲಿ ಡೆಲ್ಕೊ) ಮುಚ್ಚಳದ ಮೂಲಕ ನಾಲ್ಕು ಪ್ಲಗ್ಗುಗಳಿಗೆ ಸರದಿಯಂತೆ ಹೋಗಬೇಕು. ಮುಚ್ಚಳದ ಮೇಲೆ ಉಪ್ಪಿನ ಪಸೆ ಕುಳಿತಿದೆ ಎನ್ನಿ. ಉಪ್ಪುನೀರು ಬರುವ ಗಜನಿ ಗದ್ದೆಯ ಕಟ್ಟೆಗೆ ಏಡಿ ತೂತು ಕೊರೆದರೆ ನೀರು ಬಾಗಿಲಿನ ಗಂಡಿಯ ತನಕ ಹೋಗದೆ ಅಲ್ಲೇ ನುಗ್ಗುವುದಿಲ್ಲವೇ? ಹಾಗೆ ವಿದ್ಯುತ್ತೂ ಪ್ಲಗ್ಗಿನ ಸಂದಿ ಹಾರುವ ಕಷ್ಟ ಬೇಡವೆಂದು ಆ ಪಸೆಯ ಮೇಲೆಯೇ ಹರಿದು ಎಂಜಿನ್ನಿನ ಮೈಗೆ ಇಳಿಯುತ್ತದೆ. ಕತ್ತಲಲ್ಲಿ ಬಾನೆಟ್ ಎತ್ತಿ ಸೆಲ್ಫ್ ಹೊಡೆದರೆ ಕೆಲವೊಮ್ಮೆ ಮುಚ್ಚಳದ ಮೇಲೆ ನೀಲಿ ಗೆರೆ ಹರಿದಾಡುವುದು ಕಾಣಿಸುತ್ತದೆ. ಮದ್ದು ಸರಳ: ಮುಚ್ಚಳವನ್ನೂ ತಂತಿಗಳನ್ನೂ ಒಣ ಬಟ್ಟೆಯಿಂದ ಒಳಗೆ ಹೊರಗೆ ಒರೆಸುವುದು. ಇದು ದೊಡ್ಡವರ ಕೆಲಸ, ನೀವು ದೂರ ನಿಂತು ನೋಡಿ. ಆ ತಂತಿಯ ಹೊಡೆತ ತಮಾಷೆಯಲ್ಲ.

ನೀವೇ ಮಾಡಬಹುದಾದದ್ದು ಬೇರೆ ಇದೆ. 9 ವೋಲ್ಟಿನ ಪುಟ್ಟ ಬ್ಯಾಟರಿಗೆ ಒಂದು ಕೆಂಪು ಎಲ್‌ಇಡಿ ಸಿಕ್ಕಿಸಿ, ನಡುವೆ ತಂತಿ ಕಡಿದು, ಎರಡು ತುದಿಗಳನ್ನು ಒಂದಕ್ಕೊಂದು ತಾಗದಂತೆ ಲೋಟದಲ್ಲಿ ಹಿಡಿದ ಮಳೆನೀರಿಗೆ ಇಳಿಬಿಡಿ. ಆಮೇಲೆ ಒಂದು ಚಮಚ ಉಪ್ಪು ಕರಗಿಸಿ ನೋಡಿ. ಕಾರವಾರದ ಗಾಳಿ ಜೀಪಿಗೆ ಏನು ಮಾಡುತ್ತದೆಂದು ಎಲ್‌ಇಡಿ ಹೇಳುತ್ತದೆ.

ಕಿಡಿ ಸರಿಯಿದ್ದರೆ ಮೂಗಿಗೆ ಕೆಲಸ. ಎಷ್ಟು ಸೆಲ್ಫ್ ಹೊಡೆದರೂ ಪೆಟ್ರೋಲ್ ವಾಸನೆಯೇ ಇಲ್ಲವೆಂದರೆ ಪೆಟ್ರೋಲು, ಅದನ್ನು ಗಾಳಿಗೆ ಬೆರೆಸುವ ಕಾರ್ಬೊರೇಟರಿನ ತನಕ ಬಂದಿಲ್ಲ: ಟ್ಯಾಂಕಿನ ತುಕ್ಕು ಪೈಪಿಗೆ ಅಡ್ಡ ಕೂತಿರಬಹುದು, ಪಂಪು ಎಳೆಯದಿರಬಹುದು. ವಾಸನೆ ಗಪ್ಪೆಂದು ಹೊಡೆದರೆ ಪೆಟ್ರೋಲ್ ಹೆಚ್ಚಾಗಿ ಪ್ಲಗ್ಗುಗಳೇ ನೆನೆದಿವೆ. ಒಳಬರುವ ಗಾಳಿಯನ್ನು ತಡೆಯುವ ಚೋಕ್ ಎಳೆದು ಎಳೆದು ಹೀಗಾಗುವುದೇ ಹೆಚ್ಚು. ಆಗ ಚೋಕ್ ಒಳಗೆ ತಳ್ಳಿ, ಆಕ್ಸಿಲರೇಟರನ್ನು ಪೂರ್ತಿ ಒತ್ತಿ ಹಿಡಿದು ಸೆಲ್ಫ್ ಹೊಡೆದರೆ ಗಾಳಿ ನುಗ್ಗಿ ಒಣಗುತ್ತದೆ. ತಿಂಗಳುಗಟ್ಟಲೆ ನಿಂತ ಜೀಪಿನ ಕಥೆಯೇ ಬೇರೆ. ಪೆಟ್ರೋಲಿನಲ್ಲಿ ಬೇಗ ಹೊತ್ತಿಕೊಳ್ಳುವ ಹಗುರ ಭಾಗ ಆವಿಯಾಗಿ ಹೋಗಿರುತ್ತದೆ, ಈಗಿನ ಪೆಟ್ರೋಲಿಗೆ ಬೆರೆಸುವ ಎಥನಾಲ್ ಗಾಳಿಯ ತೇವವನ್ನೂ ಹೀರಿಕೊಳ್ಳುತ್ತದೆ.

ಬೇಸಿಗೆಯಲ್ಲಿ ಇದೇ ಜೀಪು ಬೇರೆ ಆಟ ಹೂಡುತ್ತದೆ. ಏಪ್ರಿಲ್ ಮಧ್ಯಾಹ್ನ ಅಂಕೋಲಾದಿಂದ ಯಲ್ಲಾಪುರಕ್ಕೆ ಹೊರಟು ಅರಬೈಲ್ ಘಟ್ಟ ಏರುವಾಗ ನಿಂತುಬಿಡುತ್ತದೆ. ಟ್ಯಾಂಕಿನಲ್ಲಿ ಪೆಟ್ರೋಲಿದೆ, ಕಿಡಿಯೂ ಇದೆ, ಆದರೂ ಹೊತ್ತದು. ಚಾಲಕನ ಸೀಟಿನಡಿಯ ಟ್ಯಾಂಕಿನಿಂದ ಪೆಟ್ರೋಲನ್ನು ಹೀರಿಕೊಳ್ಳುವ ಪಂಪು ಬಿಸಿ ಎಂಜಿನ್ನಿನ ಮಗ್ಗುಲಿಗೇ ಅಂಟಿಕೊಂಡಿದೆ. ಹೀರುವಾಗ ಪೈಪಿನೊಳಗೆ ಒತ್ತಡ ಇಳಿಯುತ್ತದೆ. ಒತ್ತಡ ಇಳಿದರೆ ದ್ರವ ಕಡಿಮೆ ಶಾಖಕ್ಕೇ ಕುದಿಯುತ್ತದೆ. ಪೈಪಿನಲ್ಲಿ ಪೆಟ್ರೋಲ್ ಗುಳ್ಳೆಯಾಗಿಬಿಟ್ಟರೆ ಪಂಪು ಹೀರುವುದು ಬರೀ ಆವಿಯನ್ನು. ಪಂಪಿನ ಮೇಲೆ ಒದ್ದೆ ಬಟ್ಟೆ ಹಾಕಿ, ನೆರಳಲ್ಲಿ ಸ್ವಲ್ಪ ಹೊತ್ತು ಕೂತರೆ ತಾನಾಗಿ ಸರಿಹೋಗುತ್ತದೆ. ಈಗಿನ ಕಾರುಗಳಲ್ಲಿ ಪಂಪು ಟ್ಯಾಂಕಿನೊಳಗೇ ಕೂತು ಪೆಟ್ರೋಲನ್ನು ಹಿಂದಿನಿಂದ ಒತ್ತಿ ತಳ್ಳುತ್ತದೆ. ಒತ್ತಡ ಏರುವುದರಿಂದ ಅದು ಅಷ್ಟು ಬೇಗ ಕುದಿಯುವುದಿಲ್ಲ.