ಅಟ್ಟದ ಮೇಲಿನ ಚಂದ್ರಂಕಿ

ಸಾತನೂರಿನ ಸರ್ಕಲ್ಲಿನಲ್ಲಿ ನಿಂತರೆ ಕನಕಪುರದ ಕಡೆಗೊಂದು ಬಸ್ಸು, ಮಳವಳ್ಳಿ ಕಡೆಗೊಂದು, ಚನ್ನಪಟ್ಟಣದ ಕಡೆಗೊಂದು. ಕಬ್ಬಾಳಮ್ಮನಿಗೆ ಹರಕೆ ಹೊತ್ತವರು, ಮುತ್ತತ್ತಿರಾಯನಿಗೆ ಮುಡಿ ಕೊಡಲು ಹೊರಟವರು, ರಾಮನಗರದ ಮಾರುಕಟ್ಟೆಗೆ ರೇಷ್ಮೆಗೂಡು ಹಾಕಲು ಹೊರಟವರು, ಎಲ್ಲರೂ ಅಲ್ಲೇ ಸಿಗುತ್ತಾರೆ. ಹೋದ ವರ್ಷ ನಾನೂ, ನನ್ನ ಅವ್ವನೂ, ಮಗಳೂ ಚನ್ನಪಟ್ಟಣದ ಬಸ್ಸು ಹತ್ತಿದ್ದು ಯಾವ ಹರಕೆಗೂ ಅಲ್ಲ, ಜಾನಪದ ಲೋಕ ನೋಡುವುದಕ್ಕೆ. ಏಳನೇ ತರಗತಿಯ ಮಗಳದೇ ಹಟ. ಗೋಡೆಯ ಕ್ಯಾಲೆಂಡರಿನಲ್ಲಿ ಅವಳು ಕೆಂಪು ಪೆನ್ನಿನಿಂದ ಸುತ್ತು ಹಾಕಿಟ್ಟಿರುತ್ತಾಳೆ. ಮೇ 18 ವಸ್ತುಸಂಗ್ರಹಾಲಯ ದಿನ. ಆಷಾಢದ ಗಾಳಿಗೆ ಜಾನಪದ ಲೋಕದಲ್ಲಿ ಗಾಳಿಪಟ. ಆಗಸ್ಟ್ 12 ಎಸ್.ಆರ್. ರಂಗನಾಥನ್ ಹುಟ್ಟಿದ ದಿನ, ಗ್ರಂಥಪಾಲಕರ ದಿನ. ಆಗಸ್ಟ್ 15ರ ಆಸುಪಾಸು ಲಾಲ್‌ಬಾಗಿನಲ್ಲಿ ಫಲಪುಷ್ಪ ಪ್ರದರ್ಶನ, ಜನವರಿ 26ರ ಹೊತ್ತಿಗೆ ಮತ್ತೊಂದು. ನವೆಂಬರ್ 14ರಿಂದ ಗ್ರಂಥಾಲಯ ಸಪ್ತಾಹ. ಅದೇ ಕ್ಯಾಲೆಂಡರಿನಲ್ಲಿ ಅವ್ವ ನೋಡುವುದು ಬೇರೆ: ಆರಿದ್ರೆ ಮಳೆ ಯಾವತ್ತು ಹುಟ್ಟುತ್ತೆ, ಅಮಾವಾಸ್ಯೆ ಯಾವತ್ತು.

ಚನ್ನಪಟ್ಟಣದಲ್ಲಿಳಿದು ರಾಮನಗರದ ಬಸ್ಸು ಹಿಡಿದರೆ ಹಳೆಯ ಮೈಸೂರು ರಸ್ತೆಯ ಪಕ್ಕದಲ್ಲೇ ಜಾನಪದ ಲೋಕ. ಎಚ್.ಎಲ್. ನಾಗೇಗೌಡರು ಕಟ್ಟಿದ್ದು. ನಾಗಮಂಗಲ ತಾಲ್ಲೂಕಿನ ಹೆರಗನಹಳ್ಳಿಯಲ್ಲಿ 1915ರಲ್ಲಿ ಹುಟ್ಟಿ, ಐಎಎಸ್ ಅಧಿಕಾರಿಯಾಗಿ ದುಡಿದವರು. ಟೇಪ್ ರೆಕಾರ್ಡರ್ ಹಿಡಿದು ಹಳ್ಳಿಯ ಜಗಲಿಗಳಲ್ಲಿ ಕೂತು, ಓದು ಬರಹ ಬಾರದ ಹೆಂಗಸರ ಬಾಯಿಂದ ಹಾಡು ಬಿಡಿಸಿಕೊಂಡವರು. ಹಾಡಿನ ಹಿಂದೆಯೇ ಬೀಸುವ ಕಲ್ಲು ಬಂತು, ಒನಕೆ ಬಂತು, ನೇಗಿಲು ಬಂತು. 1979ರಲ್ಲಿ ಕರ್ನಾಟಕ ಜಾನಪದ ಪರಿಷತ್ತು, 1994ರಲ್ಲಿ 15 ಎಕರೆಯಲ್ಲಿ ಈ ಲೋಕ. ತೊಗಲುಬೊಂಬೆ, ವೇಷ, ವಾದ್ಯಗಳಿರುವ ಲೋಕಮಹಲ್ ಮುಂದೆ ಬಂದವರು ಹೆಚ್ಚು ಹೊತ್ತು ನಿಲ್ಲುತ್ತಾರೆ. ಅವ್ವ ಅಲ್ಲಿ ನಿಲ್ಲಲಿಲ್ಲ. ಮನೆವಾರ್ತೆಯ ಸಾಮಾನುಗಳನ್ನಿಟ್ಟಿರುವ ಲೋಕಮಾತಾ ಮಂದಿರದ ಒಳಗೆ ಹೋದವಳು ಹೊರಗೇ ಬರಲಿಲ್ಲ.

ಮಗಳು ಒಂದೊಂದೇ ಫಲಕ ಓದುತ್ತಿದ್ದಳು. ಸೇರು, ಪಾವು, ಕೊಳಗ, ವಾಡೆ. ಅವ್ವನಿಗೆ ಅಕ್ಷರ ಬರುವುದಿಲ್ಲ. ಓದಿದ್ದನ್ನು ಕೇಳಿಸಿಕೊಂಡು ಮುಂದಿನದನ್ನು ಅವಳು ಹೇಳುವಳು. ರಾಗಿಯ ಮಾತು ಬಂದಾಗ ಹಗೇವಿನ ಕತೆ ತೆಗೆದಳು.

"ನಮ್ಮಪ್ಪನ ಮನೆ ಮುಂದೆ ನೆಲದೊಳಗೆ ಹಗೇವಿತ್ತು ಕಣ್ ಮಗ. ರಾಗಿ ತುಂಬಿ, ಬಾಯಿ ಮುಚ್ಚಿ, ಮೇಲೆ ಮಣ್ಣು ಮೆತ್ತುಬುಟ್ರೆ ವರ್ಷಗಟ್ಲೆ ಕೆಡ್ತಿರ್ಲಿಲ್ಲ. ತೆಗ್ಯೋ ದಿನ ಮಾತ್ರ ಸಟ್ನೆ ಒಳೀಕೆ ಇಳೀಬಾರ್ದು. ಬಾಯಿ ತೆಗೆದು ಬುಟ್ಟು, ಆಮೇಲೆ ಲಾಟೀನು ಹಗ್ಗಕ್ಕೆ ಕಟ್ಟಿ ಇಳಿಬುಡೋರು. ದೀಪ ಆರೋಯ್ತೋ, ಯಾರೂ ಇಳ್ಯಂಗಿಲ್ಲ."

"ಯಾಕಜ್ಜಿ?"

"ಒಳಗೆ ಉಸ್ರು ಇರಲ್ವಲ್ಲ."

ಅದೇ ವರ್ಷ ವಿಜ್ಞಾನದ ಪಾಠದಲ್ಲಿ ಮಗಳು ಇಂಗಾಲದ ಡೈ ಆಕ್ಸೈಡ್ ಓದಿದ್ದಳು. ಕಾಳೂ ಉಸಿರಾಡುತ್ತದೆ, ಮುಚ್ಚಿದ ಗುಳಿಯಲ್ಲಿ ಆಮ್ಲಜನಕ ಮುಗಿದು ಆ ಅನಿಲ ತಳದಲ್ಲಿ ತುಂಬಿಕೊಳ್ಳುತ್ತದೆ, ಅದರಿಂದಲೇ ಹುಳು ಬದುಕುವುದಿಲ್ಲ, ಅದರಿಂದಲೇ ದೀಪ ಆರುತ್ತದೆ. ಪುಸ್ತಕದ ಪಾಠ ಲಾಟೀನಿನ ಹಗ್ಗ ಹಿಡಿದು ಹಗೇವಿಗಿಳಿದದ್ದನ್ನು ನಾನು ಅಲ್ಲೇ ನಿಂತು ನೋಡಿದೆ. ಆ ಮಧ್ಯಾಹ್ನ ಫಲಕ ಓದಬಲ್ಲವಳು ಒಬ್ಬಳು, ಫಲಕದ ಹಿಂದಿನದನ್ನು ಬಲ್ಲವಳು ಇನ್ನೊಬ್ಬಳು. ಇಬ್ಬರಲ್ಲಿ ಒಬ್ಬರು ಬಾರದಿದ್ದರೂ ನಾವು ನೋಡಿಕೊಂಡು ಬರುತ್ತಿದ್ದುದು ಬರೀ ಮರ, ಬರೀ ಮಣ್ಣು.

ಮಗಳ ಕ್ಯಾಲೆಂಡರಿನಲ್ಲಿರುವ ಲಾಲ್‌ಬಾಗಿನ ನಡೆ ಜಾನಪದ ಲೋಕಕ್ಕೆ ತಿರುವುಮುರುವು. ಜಾನಪದ ಲೋಕ ಹಳ್ಳಿಯಿಂದ ತರಿಸಿಕೊಂಡಿತು, ಲಾಲ್‌ಬಾಗು ಹಳ್ಳಿಗೆ ಕಳಿಸಿತು. 1760ರಲ್ಲಿ ಹೈದರಾಲಿ ಶುರು ಮಾಡಿದ ಈ ತೋಟಕ್ಕೆ ಹೊರದೇಶದ ಸಸಿ, ಬೀಜ ಬರುತ್ತಲೇ ಇದ್ದವು. ಇಲ್ಲಿ ಒಗ್ಗಿದ ಮೇಲೆ ರೈತರ ಕೈ ಸೇರುತ್ತಿದ್ದವು. 19ನೆಯ ಶತಮಾನದ ಕೊನೆಯಲ್ಲಿ ತೋಟದ ಮುಖ್ಯಸ್ಥನಾಗಿದ್ದ ಜಾನ್ ಕ್ಯಾಮರಾನ್ ತರಿಸಿ ಬೆಳೆಸಿದ ಒಂದು ಬಳ್ಳಿಯ ಕಾಯಿ ಇವತ್ತು ಯಾವ ಸಂತೆಯಲ್ಲೂ ಸಿಗುತ್ತದೆ. ಅದೇ ಸೀಮೆಬದನೆ. ಹುಳಿಗೆ ಹೆಚ್ಚಿ ಹಾಕುವಾಗ ಅದರ ಊರು ಮೆಕ್ಸಿಕೋ ಅಂತ ಯಾರಿಗೆ ನೆನಪಿರುತ್ತದೆ? ಹೆಸರಿನಲ್ಲಿ ಸೀಮೆ ಉಳಿದಿದೆ ಅಷ್ಟೆ.

ಹೂವಿನ ಪ್ರದರ್ಶನದ ಬಗ್ಗೆ ನನಗೆ ಒಂಚೂರು ತಕರಾರಿದೆ, ಹೇಳಿಬಿಡುತ್ತೇನೆ. 1889ರಲ್ಲಿ ಅಡಿಗಲ್ಲು ಬಿದ್ದ ಆ ಗಾಜಿನ ಮನೆಯ ಮುಂದೆ ಗಂಟೆಗಟ್ಟಲೆ ಸಾಲು ನಿಂತು, ಹೂವಿನ ಮುಂದೆ ಮುಖವಿಟ್ಟು ಫೋಟೋ ತೆಗೆದು ಬರುತ್ತೇವೆ, ಹೂವಿನ ಹೆಸರು ಕೇಳುವುದಿಲ್ಲ. 2023ರ ಆಗಸ್ಟಿನಲ್ಲಿ ಅಲ್ಲಿ ಹೂವಿನ ವಿಧಾನಸೌಧ ಎದ್ದಿತ್ತು. ಆ ಸಲದ ಪ್ರದರ್ಶನ ವಿಧಾನಸೌಧ ಕಟ್ಟಿಸಿದ ಕೆಂಗಲ್ ಹನುಮಂತಯ್ಯನವರ ನೆನಪಿಗೆ. ನಮ್ಮ ರಾಮನಗರ ಸೀಮೆಯವರು. ಆ ಹೂವಿನ ಸೌಧ ನೋಡಿದ ಎಷ್ಟು ಜನ ಬಂದ ದಾರಿಯಲ್ಲೇ ತಿರುಗಿ ಒಂದು ಸಸಿ ಕೊಂಡರೋ! ಪ್ರದರ್ಶನ ಮುಗಿದ ಮಾರನೆಯ ವಾರ ಹೋಗುವವರು ಜಾಣರು ಅನ್ನುವುದು ನನ್ನ ಅಭಿಪ್ರಾಯ. ಆಗ ಜನ ಕಡಿಮೆ, ಮರದ ಕೊರಳಿಗೆ ಕಟ್ಟಿದ ಹೆಸರುಪಟ್ಟಿ ಓದಲು ಪುರಸೊತ್ತು ಸಿಗುತ್ತದೆ.

ಇನ್ನು ಗ್ರಂಥಾಲಯ. ಇದಕ್ಕೆ ಬಸ್ಸು ಹತ್ತಬೇಕಿಲ್ಲ. ಮನೆ ಕಂದಾಯ ಕಟ್ಟಿದ ರಸೀದಿ ಇದ್ದರೆ ಇವತ್ತು ತೆಗೆದು ನೋಡಿ, ಅದರಲ್ಲಿ ಗ್ರಂಥಾಲಯ ಕರ ಎಂದೊಂದು ಸಾಲಿರುತ್ತದೆ. 1965ರ ಸಾರ್ವಜನಿಕ ಗ್ರಂಥಾಲಯ ಕಾಯಿದೆಯಿಂದ ಬಂದದ್ದು. ಒಂದು ಪುಟವನ್ನೂ ಮಗುಚದವರೂ ಅದಕ್ಕೆ ದುಡ್ಡು ಕೊಟ್ಟಿದ್ದೇವೆ. 2020ರ ನವೆಂಬರಿನಲ್ಲಿ 'ಓದುವ ಬೆಳಕು' ಶುರುವಾದಾಗ ಗ್ರಾಮ ಪಂಚಾಯಿತಿ ಗ್ರಂಥಾಲಯಗಳಲ್ಲಿ 6ರಿಂದ 18 ವರ್ಷದ ಮಕ್ಕಳಿಗೆ ಸದಸ್ಯತ್ವ ಉಚಿತವಾಯಿತು. ಕೊರೊನಾಕ್ಕೆ ಶಾಲೆ ಮುಚ್ಚಿದ್ದ ಕಾಲ ಅದು. ಪೇಪರು ಓದುವ ಹಿರಿಯರ ಪಕ್ಕದ ಬೆಂಚಿನಲ್ಲಿ ಚಡ್ಡಿ ಹುಡುಗರು ಕೂತದ್ದು ಆಗಲೇ. ನನ್ನ ಮಗಳ ಕಾರ್ಡೂ ಆಗಿನದೇ.

ಜಾನಪದ ಲೋಕದಿಂದ ವಾಪಸು ಬರುವಾಗ ಬಸ್ಸಿನಲ್ಲಿ ಅವಳು ಕೇಳಿದಳು, "ಅಜ್ಜಿ, ಅಲ್ಲಿರೋದೆಲ್ಲ ಹಳ್ಳಿ ಮನೆಗಳಿಂದ ಹೋಗಿರೋದು ತಾನೆ? ಹಂಗಾದ್ರೆ ಮುಂದೆ ಅಲ್ಲಿಗೆ ಹೋಗೋ ಸಾಮಾನು ಈಗ ಎಲ್ಲಿವೆ?"

ಅವ್ವ ನಕ್ಕಳು. "ನಮ್ಮ ಅಟ್ಟದ ಮ್ಯಾಲೆ ಅವೆ."

ನಮ್ಮ ಅಟ್ಟದ ಮೇಲೆ ನಾಲ್ಕು ಚಂದ್ರಂಕಿಗಳಿವೆ. ಪಟ್ಟಣದ ಕೇಳುಗರಿಗೆ ಹೇಳುವುದಾದರೆ, ಚಂದ್ರಂಕಿ ಅಂದರೆ ಬಿದಿರಿನ ಚಾಪೆಯ ಮೇಲೆ ಬಿದಿರಿನದೇ ತೆಳು ಪಟ್ಟಿಯನ್ನು ಸುರುಳಿ ಸುರುಳಿಯಾಗಿ ನಿಲ್ಲಿಸಿ ಕಟ್ಟಿದ್ದು. ರೇಷ್ಮೆಹುಳು ನಾಲ್ಕು ಜ್ವರ, ಅಂದರೆ ಪೊರೆ ಬಿಡುವ ಹೊತ್ತು, ಕಳೆದು, ಹಿಪ್ಪುನೇರಳೆ ಸೊಪ್ಪು ತಿಂದು ತಿಂದು ಕಡೆಗೆ ಹಣ್ಣಾಗುತ್ತದೆ. ಮೈ ಬೆಳಕಿಗೆ ಹಿಡಿದಂತೆ ಹೊಳೆಯುತ್ತದೆ. ಆಗ ಆರಿಸಿ ಚಂದ್ರಂಕಿಗೆ ಬಿಟ್ಟರೆ ಎರಡು ಮೂರು ದಿನದಲ್ಲಿ ಗೂಡು ಕಟ್ಟಿ ಮುಗಿಸುತ್ತದೆ. ಹುಳು ಹಣ್ಣಾದ ದಿನ ಮನೆಯಲ್ಲಿ ಮದುವೆಯ ಗಡಿಬಿಡಿ. ಚಂದ್ರಂಕಿ ಸಾಲದಿದ್ದರೆ ಬಾಡಿಗೆಗೆ ತರುವುದು, ಬಾಡಿಗೆಗೂ ಸಿಗದಿದ್ದರೆ ಜಗಳ. ಈಗ ಮಡಚಿಡುವ ಪ್ಲಾಸ್ಟಿಕ್ ಬಲೆ ಬಂದಿದೆ. ಹಗುರ, ತೊಳೆಯಲು ಸಲೀಸು, ಜಾಗ ತಿನ್ನುವುದಿಲ್ಲ. ಅದನ್ನು ದೂರಲಾರೆ. ಬಿದಿರು ತಂದು ಸೀಳಿ ಹೆಣೆಯುವ ಮೇದರ ಕೈಗಳೂ ಕಡಿಮೆಯಾಗಿವೆ.

ಮಾರನೆಯ ದಿನ ಮಗಳು ಅಟ್ಟಕ್ಕೆ ಏಣಿ ಹಾಕಿದಳು. ಲೆಕ್ಕದ ಪುಸ್ತಕದ ಹಿಂದಿನ ಹಾಳೆ ಹರಿದು ಚೀಟಿ ಮಾಡಿದಳು. ಒಂದೊಂದೇ ಸಾಮಾನು ಇಳಿಸಿ, ಅಜ್ಜಿ ಹೇಳಿದಂತೆ ಹೆಸರು, ಯಾರು ಮಾಡಿದ್ದು, ಯಾವ ಕಾಲದಲ್ಲಿ ಬಳಸಿದ್ದು ಎಂದು ಬರೆದು ದಾರದಲ್ಲಿ ಕಟ್ಟಿದಳು. ಕುಕ್ಕೆ, ವಂದ್ರಿ, ಕೂರಿಗೆಯ ಬಟ್ಟಲು, ಚಂದ್ರಂಕಿ. ಚಂದ್ರಂಕಿಯ ಚೀಟಿಯಲ್ಲಿ 'ಸೋರಿದ ಮನೆಯಲ್ಲಿ ಮಳೆಗೆ ಅಡ್ಡ ಇಟ್ಟಿದ್ದೂ ಉಂಟು' ಅಂತಲೂ ಇದೆ. ಅದು ಅಜ್ಜಿಯ ಸೇರ್ಪಡೆ.

ಒಂದು ಸಾಮಾನಿಗೆ ಮಾತ್ರ ಚೀಟಿ ಖಾಲಿ ಇದೆ. ಗೇಣುದ್ದದ ಮರದ ತುಂಡು, ನಡುವೆ ತೂತು, ಒಂದು ತುದಿ ಸವೆದಿದೆ. ಅವ್ವ ಅದನ್ನು ತಿರುಗಿಸಿ ಮುರುಗಿಸಿ ನೋಡುತ್ತಾಳೆ, ಮೂಸುತ್ತಾಳೆ, ಹೆಸರು ನಾಲಿಗೆ ತುದಿಯಲ್ಲೇ ಇದೆ ಅನ್ನುತ್ತಾಳೆ. ಚೀಟಿ ಹಿಡಿದು ಮಗಳು ಕಾಯುತ್ತಾಳೆ. ನಿನ್ನೆ ಸಂಜೆಯೂ ಕೇಳಿದಳು.

"ತಡೀ ಮಗ, ದನ ಕಟ್ಟಿ ಬತ್ತೀನಿ."